ಮೂರು ಹಲ್ಲಿನ ಲಾಂಛನ

ಪೋರ್ಚುಗಲ್‌ನ ಬಡಗಣ ಗುಡ್ಡಗಳ ನಡುವಿನ ಕಾಂಬ್ರೋಸ ಎಂಬ ಊರಿನಲ್ಲಿ ಈಗ ಹೊಗೆ ಏಳುವ ಮನೆಗಳು ಹದಿನಾಲ್ಕೋ ಹದಿನೈದೋ ಇರಬಹುದು. ಈ ಕಥೆ ಶುರುವಾದ ಸಾವಿರದ ಒಂಬೈನೂರ ತೊಂಬತ್ತಮೂರರಲ್ಲಿ ಹಾಗಿರಲಿಲ್ಲ. ಆಗ ನೂರ ಎಂಬತ್ತು ಜನರಿದ್ದರು, ಹನ್ನೊಂದು ಮಕ್ಕಳ ಶಾಲೆಯಿತ್ತು, ಭಾನುವಾರ ಇಗರ್ಜಿಗೆ ತಡವಾಗಿ ಬಂದವರು ನಿಂತೇ ಪ್ರಾರ್ಥನೆ ಮುಗಿಸಬೇಕಾಗುತ್ತಿತ್ತು. ಅಮಾದೇವುವಿನ ಕಾಫಿ ಅಂಗಡಿಯಿತ್ತು, ಅಂಗಡಿಯ ಹಿಂದಿನ ಕೋಣೆಯಲ್ಲಿ ಊರ ಪಂಚಾಯಿತಿ ಇತ್ತು. ಪಂಚಾಯಿತಿಯ ಅಧ್ಯಕ್ಷನೂ ಅಮಾದೇವುವೇ. ಹೀಗಾಗಿ ಯಾವುದಾದರೂ ಕಾಗದಕ್ಕೆ ಮೊಹರು ಬೇಕಾದವರು ಮೊದಲು ಒಂದು ಕಾಫಿ ಕುಡಿಯುತ್ತಿದ್ದರು. ಕುಡಿಯಲೇಬೇಕೆಂದು ಕಾನೂನೇನೂ ಇರಲಿಲ್ಲ. ಕುಡಿಯದೆ ಕೇಳಿದವರ ಕಾಗದ ಮಾತ್ರ ಯಾಕೋ ಮುಂದಿನ ವಾರ ಸಿಗುತ್ತಿತ್ತು.

ಪಂಚಾಯಿತಿಯ ಕಾರ್ಯದರ್ಶಿ ಜೆರ್ವಾಸಿಯೊ. ಹೊಟ್ಟೆಪಾಡಿಗೆ ಅವನು ರಸ್ತೆ ಕೆಲಸದವನು. ಊರಿನಿಂದ ಹೊಳೆಯವರೆಗಿನ ಏಳು ಕಿಲೋಮೀಟರ್ ಉದ್ದಕ್ಕೂ ಚರಂಡಿ ಬಿಡಿಸುವುದು, ಗುಂಡಿ ಮುಚ್ಚುವುದು, ಪೊದೆ ಸವರುವುದು ಅವನ ದಿನಚರಿ. ಅಂಥವನು ಕಾರ್ಯದರ್ಶಿಯಾದದ್ದು ಕೈಬರಹದ ದೆಸೆಯಿಂದ. ಸೈನ್ಯದಲ್ಲಿದ್ದಾಗ ಅವನನ್ನು ಎಂಟು ತಿಂಗಳು ಲಿಸ್ಬನ್‌ನ ಒಂದು ಕಚೇರಿಯಲ್ಲಿ ಕೂರಿಸಿ ಕಂಬಳಿಗಳ ಪಟ್ಟಿ ನಕಲು ಮಾಡಿಸಿದ್ದರು. ಅಲ್ಲಿಂದ ಅವನು ಎರಡು ಸಂಪತ್ತು ಹೊತ್ತು ತಂದಿದ್ದ. ಒಂದು, ಮುತ್ತು ಪೋಣಿಸಿದಂಥ ಅಕ್ಷರ. ಇನ್ನೊಂದು, ಲಿಸ್ಬನ್‌ನವರ ಮನಸ್ಸು ತನಗೆ ಅಂಗೈ ಗೆರೆಯಷ್ಟು ಸ್ಪಷ್ಟ ಎಂಬ ನಂಬಿಕೆ. ಅಕ್ಷರ ನಿಜವಾಗಿಯೂ ಚೆನ್ನಾಗಿತ್ತು. "ಲಿಸ್ಬನ್‌ನವರಿಗೆ ಉದ್ದ ಮಾತು ಹಿಡಿಸೋದಿಲ್ಲ" ಎಂದು ಅವನು ವರ್ಷಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದ. ಹೆಂಡತಿ ಲುದೊವೀನ ಮೊದಲ ಕೆಲವು ವರ್ಷ ತಲೆಯಾಡಿಸಿದ್ದಳು, ಆಮೇಲೆ ಅದನ್ನೂ ಬಿಟ್ಟಿದ್ದಳು.

ಊರಿಗೊಂದು ಲಾಂಛನ ಬೇಕೆಂಬ ಹುಚ್ಚು ಹತ್ತಿದ್ದು ಆ ವರ್ಷದ ಜೂನ್‌ನಲ್ಲಿ. ಪಟ್ಟಣದ ಹಬ್ಬಕ್ಕೆ ಸುತ್ತಲ ಊರುಗಳೆಲ್ಲ ಮೆರವಣಿಗೆ ಹೋಗುವುದು ರೂಢಿ. ಆ ಸಲ ಹೊಳೆಯಾಚೆಯ ಮೊರೆಡದವರು ಹೊಸ ಬಾವುಟ ಹಿಡಿದು ಬಂದಿದ್ದರು. ನೀಲಿ ರೇಷ್ಮೆ, ಬಂಗಾರದ ಕುಚ್ಚು, ನಡುವಿನ ಲಾಂಛನದಲ್ಲಿ ಬೆಳ್ಳಿಯ ಸೇತುವೆ. ಹಿಂದೆ ಮೊರೆಡದ ಅಧ್ಯಕ್ಷ ಅವೆಲೀನು, ಆ ಸೇತುವೆಯನ್ನು ರೋಮನ್ನರ ಕಾಲದಲ್ಲಿ ತಾನೇ ನಿಂತು ಕಟ್ಟಿಸಿದವನ ಹಾಗೆ ಎದೆ ಸೆಟೆಸಿ ನಡೆಯುತ್ತಿದ್ದ. ಮೈಕಿನವನು ಒಂದೊಂದೇ ಊರಿನ ಹೆಸರನ್ನೂ ಅದರ ಲಾಂಛನದ ಅರ್ಥವನ್ನೂ ಓದಿ ಹೇಳುತ್ತಿದ್ದ. ಕಾಂಬ್ರೋಸದ ಸರದಿ ಬಂದಾಗ ಅವನ ಕಾಗದದಲ್ಲಿ ಏನೂ ಇರಲಿಲ್ಲ. ಹಿಂಬದಿಯನ್ನೂ ತಿರುವಿ ನೋಡಿದ. ಕೊನೆಗೆ "ಮತ್ತು ಇತರರು" ಅಂದ.

ಇತರರು ಬಸ್ಸಿನಲ್ಲಿ ತುಟಿ ಬಿಚ್ಚದೆ ಊರಿಗೆ ಬಂದರು. ಅಮಾದೇವು ಅಂಗಡಿಯ ಬಾಗಿಲು ತೆಗೆದು, ಕೋಟು ಕೂಡ ಬಿಚ್ಚದೆ ಕೌಂಟರಿನ ಹಿಂದೆ ನಿಂತು ಹೇಳಿದ: "ನಾನೂರು ವರ್ಷದ ಊರು. ಮುಂದಿನ ಹಬ್ಬದೊಳಗೆ ನಮಗೂ ಒಂದು ಲಾಂಛನ ಆಗಬೇಕು. ಜೆರ್ವಾಸಿಯೊ, ಬರ್ಕೋ."

ಲಾಂಛನದಲ್ಲಿ ಏನಿರಬೇಕು ಎಂದು ಮೂರು ಭಾನುವಾರ ಚರ್ಚೆ ನಡೆಯಿತು. ಪಾದ್ರಿಗಳು ಸಂತ ಪೇತ್ರನ ಬೀಗದಕೈ ಇರಲಿ ಎಂದರು. ಗಿರಣಿಯವರು ಗಿರಣಿ ಚಕ್ರ ಇರಲಿ ಎಂದರು, ಅದು ತಿರುಗದೆ ಇಪ್ಪತ್ತು ವರ್ಷವಾಗಿತ್ತು. ಮಕ್ಕಳನ್ನೆಲ್ಲ ಫ್ರಾನ್ಸಿಗೆ ಕಳಿಸಿ ಕೂತ ಒಬ್ಬ ಮುದುಕ, ಊರು ಬಿಡುವವರು ಹೊರುವ ಹಗ್ಗ ಕಟ್ಟಿದ ಪೆಟ್ಟಿಗೆ ಇರಲಿ, ನಮ್ಮೂರಿನಲ್ಲಿ ಎಲ್ಲರ ಮನೆಯಲ್ಲೂ ಇರುವುದು ಅದೊಂದೇ ಎಂದ. ಯಾರೂ ನಗಲಿಲ್ಲ. ಶಾಲೆಯ ಟೀಚರು ದೋನ ಪಾಲ್ಮಿರ ಮಾತ್ರ ಮೆಲ್ಲಗೆ, "ಹೊರಟು ಹೋಗೋದನ್ನ ಬಾವುಟದ ಮೇಲೆ ಹಾಕೋದು ಬೇಡ" ಅಂದರು. ಕಡೆಗೆ ಗುಡ್ಡದ ತೋಪುಗಳಲ್ಲಿ ಬೆಳೆಯುವ ಚೆಸ್ಟ್‌ನಟ್ ಬೀಜ ಎಂದು ತೀರ್ಮಾನವಾಯಿತು. ಅದಕ್ಕೆ ಬೇಡ ಅನ್ನುವ ಬಾಯಿ ಆ ಗುಡ್ಡಗಳಲ್ಲಿ ಹುಟ್ಟಿಲ್ಲ. ರೊಟ್ಟಿಗೆ ಹಿಟ್ಟಿಲ್ಲದ ವರ್ಷಗಳಲ್ಲಿ ಎಲ್ಲರ ಅಜ್ಜಂದಿರೂ ಚೆಸ್ಟ್‌ನಟ್ ಬೇಯಿಸಿ ತಿಂದು ಚಳಿಗಾಲ ದಾಟಿದವರೇ. ಬರೀ ಬೀಜ ಹಾಕಿದರೆ ಚಿತ್ರದಲ್ಲಿ ಈರುಳ್ಳಿಯ ಹಾಗೆ ಕಾಣುತ್ತದೆಂದು, ಬಾಯಿ ಬಿರಿದು ಒಳಗೆ ಮೂರು ಬೀಜ ತೋರಿಸುವ ಮುಳ್ಳುಕಾಯಿಯನ್ನೇ ಇಡೋಣ ಎಂದಾಯಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಆ ದೇಶದ ಮಾತಿನಲ್ಲಿ ಚೆಸ್ಟ್‌ನಟ್ಟಿನ ಮುಳ್ಳುಕಾಯಿಗೆ ಓರೀಸು ಅನ್ನುತ್ತಾರೆ. ಮೈತುಂಬ ಮುಳ್ಳಿರುವ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಮುಳ್ಳಿಲಿ ಎಂಬ ಪುಟ್ಟ ಪ್ರಾಣಿಗೂ ಓರೀಸು ಅಂತಲೇ ಅನ್ನುತ್ತಾರೆ. ಕಾಂಬ್ರೋಸದಲ್ಲಿ ಹುಟ್ಟಿದವನಿಗೆ ಓರೀಸು ಅಂದರೆ ಕಾಯಿ. ಲಿಸ್ಬನ್‌ನಲ್ಲಿ ಹುಟ್ಟಿದವನಿಗೆ ಓರೀಸು ಅಂದರೆ ಪ್ರಾಣಿ. ಎರಡು ಕಡೆಯವರೂ ತಂತಮ್ಮ ಪಾಡಿಗೆ ಸರಿಯಾಗಿಯೇ ಇದ್ದರು.

ದೋನ ಪಾಲ್ಮಿರ ಇದನ್ನು ಯೋಚಿಸದೆ ಇರಲಿಲ್ಲ. ಅರ್ಜಿಯ ಕರಡು ತಿದ್ದುವಾಗ "ಚೆಸ್ಟ್‌ನಟ್ ಮರದ ಓರೀಸು" ಎಂದು ಸ್ಪಷ್ಟವಾಗಿ ಬರೆದು ಕೊಟ್ಟಿದ್ದರು. ಜೆರ್ವಾಸಿಯೊ ಅದನ್ನು ಮನೆಗೆ ಒಯ್ದು, ಅಡುಗೆಮನೆಯ ಮೇಜು ಒರೆಸಿ, ದಪ್ಪ ಕಾಗದದ ಮೇಲೆ ಅಂದವಾಗಿ ನಕಲಿಸಲು ಕೂತ. "ಚೆಸ್ಟ್‌ನಟ್ ಮರದ" ಎಂಬಲ್ಲಿಗೆ ಬಂದಾಗ ಲೇಖನಿ ನಿಂತಿತು. ರಾಜರ ಕಾಲದ ಲಾಂಛನಗಳಲ್ಲಿ 'ಸಿಂಹ' ಅಂತ ಇರುತ್ತದೆಯೇ ಹೊರತು 'ಕಾಡಿನ ಸಿಂಹ' ಅಂತ ಇರುತ್ತದೆಯೇ? ಉದ್ದವಾಯಿತು ಎನ್ನಿಸಿತು. ಆ ಎರಡು ಮಾತು ಬಿಟ್ಟ. ಹೀಗೆ ಎರಡು ಮಾತು ಬಿಟ್ಟ ಕೈ ಅದರ ಕೆಳಗೆ, ಲಾಂಛನದ ಅರ್ಥ ವಿವರಿಸುವ ಜಾಗದಲ್ಲಿ, ಯಾರೂ ಹೇಳದಿದ್ದರೂ ಅರ್ಧ ಪುಟ ಬರೆಯಿತು:

"ಓರೀಸು ನಮ್ಮ ಜನರಂತೆಯೇ. ಹೊರಗೆ ಮುಳ್ಳು, ಒಳಗೆ ಸಿಹಿ. ಅಕ್ಟೋಬರ್ ಬಂತೆಂದರೆ ಅದು ತಾನಾಗಿ ನಮ್ಮ ಕಾಲಬುಡಕ್ಕೆ ಬರುತ್ತದೆ. ನಾವು ಅದನ್ನು ಬೂಟುಗಾಲಿನಲ್ಲಿ ತುಳಿದು, ಒಳಗಿರುವುದನ್ನು ಹೊರತೆಗೆದು, ಬೆಂಕಿಯಲ್ಲಿ ಸುಟ್ಟು, ಹೊಸ ವೈನಿನೊಂದಿಗೆ ಸೇವಿಸುತ್ತೇವೆ. ನಮ್ಮ ಹಿರಿಯರು ಬದುಕಿದ್ದು ಇದರಿಂದಲೇ."

ಜೊತೆಗೆ ತಾನೇ ಬರೆದ ಒಂದು ಚಿತ್ರ ಇಟ್ಟ. ಅಕ್ಷರದ ಕೈ ಚಿತ್ರಕ್ಕೆ ಹೊಂದಿರಲಿಲ್ಲ. ಮುಳ್ಳುಮುಳ್ಳಾದ ಒಂದು ಮೊಟ್ಟೆ, ಒಂದು ತುದಿಯಲ್ಲಿ ಬಾಲದಂಥ ತೊಟ್ಟು, ಇನ್ನೊಂದು ತುದಿಯಲ್ಲಿ ತೆರೆದ ಬಾಯಿ. ಲುದೊವೀನ ಅದನ್ನು ನೋಡಿ, ಇದು ಯಾಕೆ ನಮ್ಮನ್ನೇ ನೋಡ್ತಾ ಇದೆ ಎಂದು ಕೇಳಿದಳು. ಜೆರ್ವಾಸಿಯೊ ಲಕೋಟೆಗೆ ಅಂಟು ಹಚ್ಚಿದ.

ಲಿಸ್ಬನ್‌ನಲ್ಲಿ ಇಂಥ ಅರ್ಜಿಗಳನ್ನು ನೋಡುವ ವಿದ್ವಾಂಸರಿದ್ದರು. ಅವರಿಂದ ಸೆಪ್ಟೆಂಬರ್‌ನಲ್ಲಿ ಮೊದಲ ಪತ್ರ ಬಂತು. ಓರೀಸು ನಿಂತಿದೆಯೋ, ನಡೆಯುತ್ತಿದೆಯೋ, ಮುಖ ಯಾವ ಕಡೆಗೆ ಎಂದು ಕೇಳಿದ್ದರು. ಅಮಾದೇವು ಪತ್ರವನ್ನು ಎರಡು ಸಲ ಓದಿಸಿಕೊಂಡು, ಲಿಸ್ಬನ್‌ನವರು ಜನ್ಮದಲ್ಲಿ ಒಂದು ಮರ ನೋಡಿಲ್ಲ ಎಂದು ತೀರ್ಪು ಕೊಟ್ಟ. ಲುದೊವೀನ ಮಾತ್ರ, "ಕಾಯಿಗೆ ಮುಖ ಯಾಕೆ ಕೇಳ್ತಾರೆ?" ಅಂದಳು. ಅದು ಲಾಂಛನ ಶಾಸ್ತ್ರದ ಭಾಷೆ, ಹೆಂಗಸರಿಗೆ ಅರ್ಥವಾಗುವುದಲ್ಲ ಎಂದು ಜೆರ್ವಾಸಿಯೊ ಹೇಳಿದ. ಅವನಿಗೂ ಅರ್ಥವಾಗಿರಲಿಲ್ಲ. ಉತ್ತರ ಮಾತ್ರ ಚುಟುಕಾಗಿ ಬರೆದ: "ನಿಂತಿದೆ. ಬಾಯಿ ತೆರೆದಿದೆ. ಬಾಯೊಳಗೆ ಮೂರು ಕಾಣಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ."

ಎರಡನೆಯ ಪತ್ರ ನವೆಂಬರ್‌ನಲ್ಲಿ ಬಂತು. ಬಹಳ ಸಭ್ಯವಾಗಿತ್ತು. ಬೂಟುಗಾಲಿನಲ್ಲಿ ತುಳಿಯುವ ಪದ್ಧತಿ ಈಗಲೂ ಇದೆಯೇ, ಅಥವಾ ಹಿಂದಿನ ಕಾಲದ್ದೇ ಎಂದು ತಿಳಿಯಲು ಬಯಸಿದ್ದರು. ತಮ್ಮ ಊರಿನ ಪದ್ಧತಿಯ ಬಗ್ಗೆ ರಾಜಧಾನಿಯವರು ಆಸಕ್ತಿ ತೋರಿದ್ದು ಕಂಡು ಜೆರ್ವಾಸಿಯೊನ ಕಣ್ಣು ತೇವವಾಯಿತು. ಈಗಲೂ ಪ್ರತಿವರ್ಷ ತಪ್ಪದೆ ನಡೆಯುತ್ತದೆ, ಮೂರು ವರ್ಷದ ಮಕ್ಕಳೂ ಕುಣಿದು ಕುಣಿದು ತುಳಿಯುತ್ತಾರೆ, ಪಾದ್ರಿಗಳೇ ಮೊದಲ ಓರೀಸನ್ನು ತುಳಿದು ಶುರು ಮಾಡಿಕೊಡುತ್ತಾರೆ ಎಂದು ಬರೆದ. ತಾವೂ ಒಮ್ಮೆ ಬಂದು ತುಳಿಯಬೇಕೆಂದು ವಿನಂತಿಸಿಕೊಂಡ.

ಮೂರನೆಯ ಪತ್ರ ಬರಲು ನಾಲ್ಕು ತಿಂಗಳಾಯಿತು. ಅದರಲ್ಲಿ ಆಹ್ವಾನದ ಮಾತಿರಲಿಲ್ಲ. ವಿವರಣೆಯ ಆ ಭಾಗವನ್ನು ಕೈಬಿಡಲಾಗಿದೆ, ಲಾಂಛನಕ್ಕೆ ಒಪ್ಪಿಗೆ ಕೊಡಲಾಗಿದೆ, ಊರಿನ ಮುಂದಿನ ಪೀಳಿಗೆಯಲ್ಲಾದರೂ ಕರುಣೆ ಬೆಳೆಯಲು ಇದು ನೆರವಾಗಲಿ ಎಂದಷ್ಟೇ ಇತ್ತು.

"ಕರುಣೆ ಯಾಕೆ?" ಅಮಾದೇವು ಕೇಳಿದ.

"ದೊಡ್ಡವರು ಪತ್ರ ಹಾಗೇ ಮುಗಿಸೋದು," ಅಂದ ಜೆರ್ವಾಸಿಯೊ.

ಬೇಸಿಗೆಯ ಹೊತ್ತಿಗೆ ಸರ್ಕಾರಿ ಗೆಜೆಟ್ಟಿನಲ್ಲಿ ಪ್ರಕಟವೂ ಆಯಿತು. ಕಾಫಿ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ್ದರು. ಜೆರ್ವಾಸಿಯೊ ಗಂಟಲು ಸರಿಮಾಡಿಕೊಂಡು ಓದಿದ: ಹಸಿರು ಗುರಾಣಿ, ಅದರಲ್ಲಿ ಬಂಗಾರದ ಓರೀಸು, ನಿಂತದ್ದು, ಬಾಯಿ ತೆರೆದದ್ದು, ಮೂರು ಹಲ್ಲಿನದು. ಹಲ್ಲು ಎಂದಾಗ ಒಂದು ಗುಸುಗುಸು ಎದ್ದಿತು. ಬೆಳ್ಳುಳ್ಳಿಯ ಎಸಳಿಗೆ ನಾವೆಲ್ಲ ಹಲ್ಲು ಅನ್ನುವುದಿಲ್ಲವೇ, ಇದೂ ಹಾಗೇ ಎಂದು ಅವನು ಸಮಾಧಾನ ಹೇಳಿದ. ಅದು ನಿಜವೇ ಆಗಿತ್ತು, ಬೆಳ್ಳುಳ್ಳಿಯ ಮಟ್ಟಿಗೆ. ಎಲ್ಲರೂ ಒಪ್ಪಿದರು. ಅಮಾದೇವು ಗೆಜೆಟ್ಟಿಗೆ ಕಟ್ಟು ಹಾಕಿಸಿ ಕಾಫಿ ಯಂತ್ರದ ಮೇಲೆ ತೂಗುಹಾಕಿದ. ಹಬೆಗೆ ಆ ಗಾಜು ದಿನಕ್ಕೆ ಹತ್ತು ಸಲ ಮಂಜಾಗುತ್ತಿತ್ತು, ಅವನು ಹತ್ತು ಸಲವೂ ಒರೆಸುತ್ತಿದ್ದ.

ಬಾವುಟವನ್ನು ದೂರದ ಒಂದು ಕಸೂತಿ ಅಂಗಡಿಗೆ ಹೇಳಿ ಮಾಡಿಸಿದರು. ಗೆಜೆಟ್ಟಿನ ಜೊತೆ ಲಿಸ್ಬನ್‌ನಿಂದ ಬಂದ ಲಾಂಛನದ ಚಿತ್ರದ ಲಕೋಟೆಯನ್ನು ಒಡೆಯದೆ ಹಾಗೇ ಅಲ್ಲಿಗೆ ಕಳಿಸಿದ್ದು ಜೆರ್ವಾಸಿಯೊ. ಸರ್ಕಾರದ ಮೊಹರು ಒಡೆಯುವುದು ಮರ್ಯಾದೆಯಲ್ಲ ಎಂದು ಅವನ ಎಣಿಕೆ. ಬಾವುಟದ ಪೊಟ್ಟಣ ಬಂದಾಗ ಲುದೊವೀನ, ಮಡಿಕೆಯ ಗೆರೆ ಹೋಗಲು ಒಮ್ಮೆ ಇಸ್ತ್ರಿ ಮಾಡಿಕೊಡುತ್ತೇನೆ ಎಂದಳು. ಪಟ್ಟಣದ ಪುರಸಭೆಯ ಅಧ್ಯಕ್ಷರ ಎದುರಿಗಲ್ಲದೆ ಬಿಚ್ಚುವಂತಿಲ್ಲ ಎಂದು ಅಮಾದೇವು ಅದನ್ನು ಪಾದ್ರಿಗಳ ಬೀರುವಿನಲ್ಲಿಟ್ಟು ಬೀಗ ಹಾಕಿಸಿದ.

ಸಂತ ಮಾರ್ಟಿನ್‌ನ ಹಬ್ಬ ನವೆಂಬರ್ ಹನ್ನೊಂದಕ್ಕೆ ಬರುತ್ತದೆ. ಅಂದು ಚೆಸ್ಟ್‌ನಟ್ ಸುಟ್ಟು ಹೊಸ ವೈನಿನ ಪೀಪಾಯಿ ತೆರೆಯುತ್ತಾರೆ. ಬಾವುಟಕ್ಕೆ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ. ಬಿಸಿಲು ಚೆನ್ನಾಗಿತ್ತು. ಶಾಲೆಯ ಅಂಗಳದಲ್ಲಿ ಪೈನ್ ಎಲೆಯ ರಾಶಿ ಬೆಂಕಿಗೆ ಕಾಯುತ್ತಿತ್ತು. ಪುರಸಭೆಯ ಅಧ್ಯಕ್ಷರು ಬಂದರು, ಜಿಲ್ಲೆಯ ವಾರಪತ್ರಿಕೆಯವನು ಕ್ಯಾಮೆರಾ ಹಿಡಿದು ಬಂದ. ಮೊರೆಡದ ಅವೆಲೀನು ತನ್ನ ಊರಿನ ಇಪ್ಪತ್ತು ಜನರನ್ನು ಕರೆದುಕೊಂಡು ಬಂದ. ಅವರನ್ನು ಯಾರೂ ಕರೆದಿರಲಿಲ್ಲ, ಬರದಿದ್ದರೆ ಬೇಸರವಾಗುತ್ತಿತ್ತು.

ಬಾವುಟದ ಮೇಲಿನ ಪರದೆಯ ಹಗ್ಗ ಎಳೆಯಲು ಎರ್ಮೆಲಿಂದಜ್ಜಿಯನ್ನು ಕೂರಿಸಿದ್ದರು. ತೊಂಬತ್ತೊಂದು ವರ್ಷ, ಊರಿಗೆಲ್ಲ ಹಿರಿಯಳು. ನಡೆಯಲು ಬಂದಂದಿನಿಂದ ಚೆಸ್ಟ್‌ನಟ್ ತೋಪಿನಲ್ಲಿ ಕಾಯಿ ಆರಿಸಿದವಳು. ಇಬ್ಬರು ಗಂಡುಮಕ್ಕಳು ಅರವತ್ತರ ದಶಕದಲ್ಲೇ ಗಡಿ ದಾಟಿ ಫ್ರಾನ್ಸಿನ ಲಿಯೋನ್ ಸೇರಿದ್ದರು. ಮೊದಮೊದಲು ಪ್ರತಿ ಆಗಸ್ಟ್‌ನಲ್ಲಿ ಬರುತ್ತಿದ್ದವರು, ಆಮೇಲೆ ಎರಡು ವರ್ಷಕ್ಕೊಮ್ಮೆ ಬಂದರು, ಈಗ ಬಂದು ಏಳು ವರ್ಷವಾಗಿತ್ತು. ಅಜ್ಜಿ ಅದನ್ನು ಯಾರ ಹತ್ತಿರವೂ ಆಡಿದವಳಲ್ಲ.

ಅಮಾದೇವು ಕೈ ಬೀಸಿದ. ಅಜ್ಜಿ ಹಗ್ಗ ಎಳೆದಳು.

ಹಸಿರು ರೇಷ್ಮೆಯ ನಡುವೆ ಬಂಗಾರದ ಒಂದು ಮುಳ್ಳಿಲಿ ನಿಂತಿತ್ತು. ನಾಲ್ಕು ಕಾಲು, ಚೂಪು ಮೂಗು, ಗುಂಡುಪಿನ್ನಿನ ತಲೆಯಂಥ ಕಣ್ಣು. ಬಾಯಿ ಕಿವಿಯವರೆಗೆ ಕಿಸಿದು, ಅದರಲ್ಲಿ ಮೂರೇ ಮೂರು ಹಲ್ಲು ತೋರಿಸುತ್ತ, ನೂರ ಎಂಬತ್ತು ಜನ ಕಾಂಬ್ರೋಸದವರನ್ನು ಸಂತೋಷದಿಂದ ನೋಡುತ್ತಿತ್ತು.

ಪುರಸಭೆಯ ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಅವರೊಬ್ಬರೇ. ಅಮಾದೇವುವಿನ ಬೀಸಿದ ಕೈ ಇನ್ನೂ ಗಾಳಿಯಲ್ಲೇ ಇತ್ತು. ದೋನ ಪಾಲ್ಮಿರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. ಲುದೊವೀನ ಗಂಡನ ಕಡೆ ನೋಡಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಮಾಡಿದ ಅತಿ ದೊಡ್ಡ ಉಪಕಾರ ಅದು. ಜೆರ್ವಾಸಿಯೊ ತಾನು ಬಿಟ್ಟ ಎರಡು ಮಾತನ್ನು ಮನಸ್ಸಿನಲ್ಲೇ ಓದಿಕೊಂಡ. ಅಷ್ಟೇನೂ ಉದ್ದವಿರಲಿಲ್ಲ ಎಂದು ಈಗ ಅನ್ನಿಸಿತು.

ಅವೆಲೀನು ಟೋಪಿ ಕೈಯಲ್ಲಿ ಹಿಡಿದು ಬಹಳ ವಿನಯದಿಂದ ಮುಂದೆ ಬಂದ. "ಲಾಂಛನ ಅಂದ್ಮೇಲೆ ಅರ್ಥ ಇರುತ್ತಲ್ಲ, ಕಾರ್ಯದರ್ಶಿಗಳೇ? ನಮಗೂ ಸ್ವಲ್ಪ ಹೇಳಿ."

ಊರೆಲ್ಲ ಜೆರ್ವಾಸಿಯೊನ ಕಡೆ ತಿರುಗಿತು. ತಪ್ಪಾಯಿತು ಎಂದು ಒಪ್ಪಿಕೊಂಡು ಕೂತಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿದವನು ಮೊರೆಡದವನು. ಜೆರ್ವಾಸಿಯೊ ಎದ್ದು ನಿಂತ. ಬಾಯಿ ತೆರೆದಾಗ ಏನು ಹೇಳುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ.

"ಇದು ಚಳಿಗಾಲ ಪೂರ್ತಿ ಮುದುಡಿಕೊಂಡು ಮಲಗಿರುತ್ತೆ," ಅಂದ. "ಇದೆಯೋ ಇಲ್ವೋ ಅಂತ ಕೂಡ ಗೊತ್ತಾಗೋದಿಲ್ಲ. ಬಿಸಿಲು ಬಂದ್ಮೇಲೆ ಏಳುತ್ತೆ. ನಮ್ಮೂರೂ ಹಾಗೇ. ಹೋದವರು ಆಗಸ್ಟ್‌ನಲ್ಲಿ ಬರ್ತಾರೆ, ಆಗ ಊರು ಕಣ್ಣು ಬಿಡುತ್ತೆ. ಅಲ್ಲೀವರೆಗೂ ನಾವು ಮುಳ್ಳು ಹೊರಗೆ ಮಾಡ್ಕೊಂಡು ಕಾಯ್ತಾ ಇರ್ತೀವಿ."

ಹಗ್ಗದ ಪೆಟ್ಟಿಗೆಯ ಮಾತಾಡಿದ್ದ ಮುದುಕ ಮೂಗು ಒರೆಸಿಕೊಂಡ. ಅಮಾದೇವುವಿನ ಕೈ ಮೆಲ್ಲಗೆ ಕೆಳಗಿಳಿಯಿತು.

"ಆ ಮೂರು ಹಲ್ಲು?" ಅಂದ ಅವೆಲೀನು.

ಜೆರ್ವಾಸಿಯೊಗೆ ಬೆಳ್ಳುಳ್ಳಿಯೊಂದೇ ನೆನಪಾಯಿತು. ಅಷ್ಟು ಹೊತ್ತಿಗೆ ಬಾವುಟದ ಕೆಳಗಿನ ಕುರ್ಚಿಯಲ್ಲಿ ಎರ್ಮೆಲಿಂದಜ್ಜಿ ನಗಲು ಶುರು ಮಾಡಿದಳು. ಮೊದಲು ಭುಜ ಕುಲುಕಿತು, ಆಮೇಲೆ ಕಣ್ಣು ಮುಚ್ಚಿತು, ಆಮೇಲೆ ಬಾಯಿ ಪೂರ್ತಿ ತೆರೆಯಿತು. ಆ ಬಾಯಲ್ಲಿ ಮೇಲೆ ಎರಡು, ಕೆಳಗೆ ಒಂದು, ಒಟ್ಟು ಮೂರು ಹಲ್ಲಿದ್ದವು.

ಪುರಸಭೆಯ ಅಧ್ಯಕ್ಷರು ಅಜ್ಜಿಯನ್ನು ನೋಡಿದರು, ಬಾವುಟವನ್ನು ನೋಡಿದರು, ಮತ್ತೆ ಅಜ್ಜಿಯನ್ನು ನೋಡಿದರು. ಅವರ ಮುಖ ಅರಳಿತು. ರಾಜರಿಗೆ, ಸಂತರಿಗೆ ಲಾಂಛನ ಮಾಡಿದ ಊರುಗಳನ್ನು ಕಂಡಿದ್ದೇನೆ, ತನ್ನ ಹಿರಿಯ ತಾಯಿಗೆ ಲಾಂಛನ ಮಾಡಿದ ಊರನ್ನು ಇಂದೇ ಕಂಡೆ ಎಂದು ಹೇಳಿ, ಬಗ್ಗಿ ಅಜ್ಜಿಯ ಕೈಗೆ ಮುತ್ತಿಟ್ಟರು. ಕ್ಯಾಮೆರಾ ಬೆಳಕು ಹೊಡೆಯಿತು. ಅಧ್ಯಕ್ಷರೇ ಹಾಗೆಂದ ಮೇಲೆ ಊರವರೂ ಚಪ್ಪಾಳೆ ತಟ್ಟಿದರು, ಇಪ್ಪತ್ತು ಜನ ಮೊರೆಡದವರೂ ತಟ್ಟಬೇಕಾಯಿತು. ಪೈನ್ ಎಲೆಗೆ ಬೆಂಕಿ ಹಾಕಿದರು. ಅಂದಿನ ಚೆಸ್ಟ್‌ನಟ್ ಯಾರಿಗೂ ರುಚಿಸಲಿಲ್ಲ.

ಅಧ್ಯಕ್ಷರ ಕಾರು ತಿರುವು ದಾಟುತ್ತಲೇ ಜೆರ್ವಾಸಿಯೊನ ಗ್ರಹಚಾರ ಶುರುವಾಯಿತು. ಊರಿನ ಒಬ್ಬೊಬ್ಬರೂ ಬಂದು ಅವನಿಗೆ ಮುಳ್ಳುಕಾಯಿಗೂ ಮುಳ್ಳಿಲಿಗೂ ಇರುವ ವ್ಯತ್ಯಾಸ ವಿವರಿಸಿದರು. ಗಿರಣಿಯವರು, ಚಕ್ರ ಹಾಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದರು. ಪಾದ್ರಿಗಳು ಆ ಹಳೆಯ ಪತ್ರದ ನಕಲು ಓದಿ, ತಾವು ಮೊದಲ ಮುಳ್ಳಿಲಿಯನ್ನು ತುಳಿದು ಹಬ್ಬ ಶುರು ಮಾಡಿಕೊಡುವ ಸಂಗತಿ ಲಿಸ್ಬನ್‌ಗೆ ಲಿಖಿತವಾಗಿ ಹೋಗಿದೆ ಎಂದು ತಿಳಿದು, ಆ ಭಾನುವಾರದ ಪ್ರವಚನವನ್ನು ಅಕ್ಷರಸ್ಥರ ಅಹಂಕಾರದ ಮೇಲೆ ಮಾಡಿದರು. ಮೊರೆಡದವರು ರಸ್ತೆಯ ತಿರುವಿನಲ್ಲಿ, ಮುಳ್ಳಿಲಿ ಕುಡಿಯಲೆಂದು, ದಿನಾ ಒಂದು ತಟ್ಟೆ ಹಾಲು ಇಟ್ಟುಹೋಗತೊಡಗಿದರು. ಆ ರಸ್ತೆ ಗುಡಿಸುವವನು ಜೆರ್ವಾಸಿಯೊನೇ. ದಿನಾ ಬೆಳಿಗ್ಗೆ ಆ ತಟ್ಟೆ ಎತ್ತಿಡುವವನೂ ಅವನೇ.

ಲಾಂಛನ ತಿದ್ದಬೇಕೆಂದು ಪಂಚಾಯಿತಿ ಒಮ್ಮತದಿಂದ ತೀರ್ಮಾನಿಸಿತು. ಈ ಸಲ ಪತ್ರ ಬರೆದವರು ದೋನ ಪಾಲ್ಮಿರ. ಅದರಲ್ಲಿ 'ಚೆಸ್ಟ್‌ನಟ್ ಮರದ' ಎಂಬ ಮಾತು ಒಂಬತ್ತು ಸಲ ಬಂದಿತ್ತು. ಜೆರ್ವಾಸಿಯೊನ ಪಾಲಿಗೆ ಉಳಿದದ್ದು ಅಂಚೆಗೆ ಹಾಕುವುದು, ಆಮೇಲೆ ರಾಜೀನಾಮೆ ಕೊಡುವುದು. ಕ್ರಿಸ್ಮಸ್‌ಗೆ ಎರಡು ದಿನ ಮುಂಚೆ ಅವನು ಪತ್ರ ಜೇಬಿನಲ್ಲಿಟ್ಟುಕೊಂಡು ಅಂಚೆ ಪೆಟ್ಟಿಗೆಯಿರುವ ಚೌಕಕ್ಕೆ ಹೋದ.

ಚೌಕದಲ್ಲಿ ಫ್ರಾನ್ಸಿನ ನಂಬರಿನ ಎರಡು ಕಾರು ನಿಂತಿದ್ದವು. ಎರ್ಮೆಲಿಂದಜ್ಜಿಯ ಗಂಡುಮಕ್ಕಳಿಬ್ಬರೂ ಬಂದಿದ್ದರು. ಅವರ ಹೆಂಡಂದಿರು, ಮಕ್ಕಳು, ಊರಿನ ಮಾತು ಬಾರದ ಮೊಮ್ಮಕ್ಕಳೂ ಬಂದಿದ್ದರು. ವಾರಪತ್ರಿಕೆಯ ಆ ಫೋಟೋ ಯಾರದೋ ಕೈಯಿಂದ ಲಿಯೋನ್ ಮುಟ್ಟಿತ್ತು. ಅಜ್ಜಿಯೂ ಅಮಾದೇವುವಿನ ಅಂಗಡಿಯಿಂದ ಫೋನ್ ಮಾಡಿ, ಸರ್ಕಾರದವರು ನನ್ನನ್ನು ಬಾವುಟದ ಮೇಲೆ ಹಾಕಿದ್ದಾರೆ, ಬಂದು ನೋಡಿಹೋಗಿ ಎಂದಿದ್ದಳಂತೆ. ಈಗ ಅವಳು ಹೊಸ ಕರಿಯ ಶಾಲು ಹೊದ್ದು, ಚೌಕಕ್ಕೆ ತರಿಸಿದ ಬಾವುಟದ ಕೆಳಗೆ ಕೂತಿದ್ದಳು. ಸುತ್ತಲೂ ಹದಿನೇಳು ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅರವತ್ತು ದಾಟಿದ ಹಿರಿಯ ಮಗ ಬಾವುಟದ ಅಂಚನ್ನು ಹಿಡಿದುಕೊಂಡು ಅಳುತ್ತಿದ್ದ. ಪುಟ್ಟ ಹುಡುಗಿಯೊಂದು ಮುಳ್ಳಿಲಿಯನ್ನೂ ಅಜ್ಜಿಯನ್ನೂ ತೋರಿಸಿ ಫ್ರೆಂಚಿನಲ್ಲಿ ಏನೋ ಹೇಳುತ್ತಿತ್ತು, ಎಲ್ಲರೂ ನಗುತ್ತಿದ್ದರು.

ಜೆರ್ವಾಸಿಯೊ ಸ್ವಲ್ಪ ಹೊತ್ತು ಅಂಚೆ ಪೆಟ್ಟಿಗೆಯ ಹತ್ತಿರ ನಿಂತಿದ್ದು, ಕಾಫಿ ಅಂಗಡಿಗೆ ವಾಪಸು ಬಂದ.

"ಹಾಕಿದೆಯಾ?" ಅಮಾದೇವು ಕೇಳಿದ.

"ಇಲ್ಲ. ಪೆಟ್ಟಿಗೆ ತುಂಬಿಬಿಟ್ಟಿದೆ."

ಅಮಾದೇವು ಕಿಟಕಿಯಿಂದ ಚೌಕವನ್ನು ನೋಡಿದ. ಒಂದು ಲೋಟ ಒರೆಸಿದ. "ಹಾಗಾದ್ರೆ ಖಾಲಿ ಆಗೋವರೆಗೆ ಕಾಯೋಣ," ಅಂದ.

ಆ ಪೆಟ್ಟಿಗೆ ಹನ್ನೊಂದು ವರ್ಷ ಖಾಲಿಯಾಗಲಿಲ್ಲ. ಅಜ್ಜಿ ಇರುವವರೆಗೆ ಲಾಂಛನ ಮುಟ್ಟಬಾರದು ಎಂದು ಯಾರೂ ಹೇಳದೆಯೇ ಊರಿನಲ್ಲಿ ತೀರ್ಮಾನವಾಗಿತ್ತು. ಅಜ್ಜಿಯಾದರೋ ಹೋಗುವ ಲಕ್ಷಣವನ್ನೇ ತೋರಿಸಲಿಲ್ಲ. ಮಕ್ಕಳು ಮತ್ತೆ ಪ್ರತಿ ಆಗಸ್ಟ್‌ನಲ್ಲಿ ಬರತೊಡಗಿದರು. ಅವರನ್ನು ನೋಡಿ ಉಳಿದ ಮನೆಗಳ ಮಕ್ಕಳೂ ಒಂದಷ್ಟು ವರ್ಷ ಬಂದರು. ಮೆರವಣಿಗೆಯಲ್ಲಿ ಮೈಕಿನವನು ಕಾಂಬ್ರೋಸದ ಅರ್ಥ ಓದಿ ಹೇಳುವಾಗ ಜನ ಬಾವುಟ ಬಿಟ್ಟು ಅಜ್ಜಿಯನ್ನು ಹುಡುಕುತ್ತಿದ್ದರು. ಅವಳು ಜೀಪಿನಲ್ಲಿ ಕೂತು ಎಲ್ಲರಿಗೂ ಬಾಯಿ ತೆರೆದು ತೋರಿಸುತ್ತಿದ್ದಳು.

ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಅವಳ ಕೆಳಗಿನ ಹಲ್ಲು ಅಲುಗಾಡಲು ಶುರುವಾದಾಗ ಪಂಚಾಯಿತಿಯ ತುರ್ತು ಸಭೆ ಸೇರಿತು. ಆ ಹಲ್ಲು ಗೆಜೆಟ್ಟಿನಲ್ಲಿ ಪ್ರಕಟವಾದದ್ದು, ಹೀಗಾಗಿ ಸಾರ್ವಜನಿಕ ಆಸ್ತಿ ಎಂದು ಅಮಾದೇವು ವಾದಿಸಿದ. ಅಜ್ಜಿಯನ್ನು ಪಟ್ಟಣದ ದಂತವೈದ್ಯರಲ್ಲಿಗೆ ಕರೆದೊಯ್ದರು, ಜೊತೆಗೆ ಹನ್ನೆರಡು ಜನ ಹೋದರು. ವೈದ್ಯರು ಕಿತ್ತುಬಿಡುವುದೇ ವಾಸಿ ಎಂದಾಗ ಹನ್ನೆರಡು ಜನವೂ ಒಟ್ಟಿಗೆ ಬೇಡ ಎಂದರು. ಅಲುಗಾಡುವ ಹಲ್ಲಿಗೆ ಹೀಗೆ ಊರೇ ಅಡ್ಡನಿಂತದ್ದನ್ನು ಕಂಡಿರದ ಆ ವೈದ್ಯರು ಅದನ್ನು ಸಣ್ಣ ತಂತಿಯಿಂದ ಕಟ್ಟಿ ಕಳಿಸಿದರು. ಆ ತಂತಿ ಬಿಗಿಯಾಗಿ ನಿಂತಿತು.

ಮುಂದಿನ ವರ್ಷ ಮಕ್ಕಳಿಲ್ಲದೆ ಶಾಲೆ ಮುಚ್ಚಿತು. ದೋನ ಪಾಲ್ಮಿರ ಪಟ್ಟಣದ ತಂಗಿಯ ಮನೆ ಸೇರಿದರು. ಅಮಾದೇವು ಒಂದು ಚಳಿಗಾಲದಲ್ಲಿ ತೀರಿಕೊಂಡ. ಅಂಗಡಿಯನ್ನು ಅವನ ಮಗಳು ಶನಿವಾರ ಭಾನುವಾರ ಮಾತ್ರ ತೆರೆಯುತ್ತಿದ್ದಳು. ಮೊರೆಡದವರ ಹಾಲಿನ ತಟ್ಟೆ ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಜೆರ್ವಾಸಿಯೊಗೆ ಒಮ್ಮೆ ಅದು ನೆನಪಾಗಿ, ತಿರುವಿನಲ್ಲಿ ನಿಂತು ನೋಡಿದ. ಇಡುತ್ತಿದ್ದವರೂ ಫ್ರಾನ್ಸಿಗೆ ಹೋಗಿದ್ದರು.

ಎರಡು ಸಾವಿರದ ಐದರ ಅಕ್ಟೋಬರ್‌ನಲ್ಲಿ, ನಿವೃತ್ತನಾಗಿದ್ದ ಜೆರ್ವಾಸಿಯೊ ಒಂದು ಬುಟ್ಟಿ ಚೆಸ್ಟ್‌ನಟ್ ಹಿಡಿದು ಎರ್ಮೆಲಿಂದಜ್ಜಿಯ ಮನೆಗೆ ಹೋದ. ಅವಳಿಗೆ ನೂರ ಎರಡು ತುಂಬಿತ್ತು, ಕಣ್ಣು ಮಂದವಾಗಿತ್ತು, ಕಿವಿ ಚೆನ್ನಾಗಿತ್ತು. ಇಬ್ಬರೂ ಜಗಲಿಯ ಬಿಸಿಲಲ್ಲಿ ಕೂತರು. ಬೆಂದ ಬೀಜ ಸುಲಿದು, ಹಿಸುಕಿ ಮೆತ್ತಗೆ ಮಾಡಿ ಅವನು ಅವಳ ಕೈಗೆ ಕೊಡುತ್ತಿದ್ದ. ಹನ್ನೊಂದು ವರ್ಷದಿಂದ ಎದೆಯ ಮೇಲೆ ಕೂತ ಮಾತು ಅಂದು ಹೊರಗೆ ಬಂತು. ಅದು ಲಿಸ್ಬನ್‌ನವರ ತಪ್ಪೂ ಅಲ್ಲ, ಕಸೂತಿಯವರದೂ ಅಲ್ಲ, ತಾನು ಎರಡು ಮಾತು ಬಿಟ್ಟದ್ದರಿಂದ ಆದದ್ದು ಎಂದು ಮೊದಲಿಂದ ಎಲ್ಲ ಹೇಳಿದ. ಕೊನೆಗೆ, "ಆ ಬಾವುಟದ ಮೇಲಿರೋದು ನೀವಲ್ಲ ಅಜ್ಜಿ. ಕ್ಷಮಿಸಿಬಿಡಿ" ಅಂದ.

ಅಜ್ಜಿ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದಳು.

"ಗೊತ್ತು ಬಿಡು," ಅಂದಳು. "ಎಂಬತ್ತು ವರ್ಷ ಓರೀಸು ಆರಿಸಿದ ಕೈ ಇದು. ಯಾವ ಓರೀಸು ಬರೆಯೋಕೆ ಹೋಗಿ ಯಾವುದು ಬಂತು ಅಂತ ನನಗೆ ಗೊತ್ತಾಗೋದಿಲ್ವಾ? ಹಗ್ಗ ಎಳೆದ ತಕ್ಷಣ ಗೊತ್ತಾಯ್ತು. ನಿನ್ನ ಮುಖ ನೋಡಿ ನಗು ತಡೆಯೋಕಾಗಲಿಲ್ಲ."

ಜೆರ್ವಾಸಿಯೊ ಬುಟ್ಟಿ ಪಕ್ಕಕ್ಕಿಟ್ಟ. ಹಾಗಾದರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದ.

ಅಜ್ಜಿ ಇನ್ನೊಂದು ಬೀಜಕ್ಕೆ ಕೈ ಚಾಚಿದಳು.

"ಊರಿನ ಬಾವುಟದ ಮೇಲೆ ಮುಳ್ಳುಕಾಯಿ ಹಾಕಿದಾರೆ, ನೋಡೋಕೆ ಬನ್ನಿ ಅಂತ ಫೋನ್ ಮಾಡಿದ್ರೆ," ಅಂದಳು, "ಲಿಯೋನ್‌ನಿಂದ ಯಾರು ಬರ್ತಿದ್ರು, ಮಗಾ?"